ಸಂಪ್ರಬಂಧ ಬರೆಯುವ ಬಗೆ: ವಿಷಯದಿಂದ ಪ್ರಶ್ನೆಗೆ, ಪ್ರಶ್ನೆಯಿಂದ ವಾದಕ್ಕೆ

ಪ್ರೌಢಶಾಲೆಯಲ್ಲಿ ನಾವೆಲ್ಲ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳ ಪ್ರಬಂಧ ಬರೆದು ಅಂಕ ಪಡೆದವರು. ಆ ಅಭ್ಯಾಸದಲ್ಲಿ ತಪ್ಪೇನೂ ಇಲ್ಲ. ತನಗೆ ತಿಳಿದದ್ದನ್ನು ಕ್ರಮವಾಗಿ ಹೇಳುವುದನ್ನು ಅದು ಮಕ್ಕಳಿಗೆ ಕಲಿಸುತ್ತದೆ. ಆದರೆ ಪದವಿಯ ಕೊನೆಯ ವರ್ಷದಲ್ಲೋ ಎಂ.ಎ. ತರಗತಿಯಲ್ಲೋ ಸಂಪ್ರಬಂಧ ಬರೆಯುವ ಸಂದರ್ಭ ಬಂದಾಗ ಬಹಳಷ್ಟು ವಿದ್ಯಾರ್ಥಿಗಳು ಅದೇ ಚೌಕಟ್ಟನ್ನು ಮೂರು ಪುಟಗಳಿಂದ ಇಪ್ಪತ್ತು ಪುಟಗಳಿಗೆ ಹಿಗ್ಗಿಸುತ್ತಾರೆ, ತೊಂದರೆ ಅಲ್ಲಿಂದಲೇ ಆರಂಭವಾಗುತ್ತದೆ. ಶಾಲೆಯ ಪ್ರಬಂಧ ಒಂದು ವಿಷಯದ ಬಗ್ಗೆ ತಿಳಿದಿರುವುದನ್ನು ಹೇಳುತ್ತದೆ. ಸಂಪ್ರಬಂಧವಾದರೋ ಒಂದು ಪ್ರಶ್ನೆಗೆ ಉತ್ತರ ಕೊಟ್ಟು, ಆ ಉತ್ತರವನ್ನು ಓದುಗರು ಏಕೆ ಒಪ್ಪಬೇಕು ಎಂಬುದಕ್ಕೆ ಆಧಾರಗಳನ್ನು ಮುಂದಿಡುತ್ತದೆ. ಮಾಹಿತಿ ಎಷ್ಟೇ ಇದ್ದರೂ ಪ್ರಶ್ನೆಯಿಲ್ಲದ ಬರಹ ಸಂಪ್ರಬಂಧವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ಸೂಚನೆಗಳೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಸೂಚನೆಗಳು ಬರಿಯ ತತ್ವಗಳಾಗಿ ಉಳಿಯಬಾರದೆಂದು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ. ಅದು ಮೈಸೂರು ಸಂಸ್ಥಾನದಲ್ಲಿ 1876ರಿಂದ 1878ರವರೆಗೆ ಕಾಡಿದ ಬರಗಾಲ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರೂ ವಿಭಾಗಗಳ ವಿದ್ಯಾರ್ಥಿಗಳು ಆರಿಸಿಕೊಳ್ಳಬಹುದಾದ ವಿಷಯವಿದು. ಇದರ ಆಕರಗಳು ಕೈಗೆ ಸಿಗುತ್ತವೆ, ಮತ್ತು ಇದರ ಬಗ್ಗೆ ಬರೆಯುವಾಗ ಎಡವುವ ಜಾಗಗಳು ಬೇರೆ ವಿಷಯಗಳಲ್ಲೂ ಹಾಗೆಯೇ ಎದುರಾಗುತ್ತವೆ.

ವಿಷಯವನ್ನು ಪ್ರಶ್ನೆಯಾಗಿಸುವುದು

"ಮೈಸೂರು ಸಂಸ್ಥಾನದ ಬರಗಾಲ: ಒಂದು ಅಧ್ಯಯನ" ಎಂಬ ಶೀರ್ಷಿಕೆಯನ್ನು ನೋಡಿ. ಇಂತಹ ಶೀರ್ಷಿಕೆಗಳು ನಮ್ಮ ವಿಭಾಗಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅವುಗಳ ಕೊರತೆ ಕಣ್ಣಿಗೇ ಬೀಳುವುದಿಲ್ಲ. ಈ ಶೀರ್ಷಿಕೆ ಏನನ್ನೂ ಕೇಳುವುದಿಲ್ಲ. ಹೀಗಾಗಿ ಬರೆಯಲು ಕುಳಿತವರು ಬರಗಾಲದ ಅರ್ಥ, ಭಾರತದ ಬರಗಾಲಗಳ ಇತಿಹಾಸ, ಮೈಸೂರಿನ ಭೌಗೋಳಿಕ ಹಿನ್ನೆಲೆ, ಕಾರಣಗಳು, ಪರಿಣಾಮಗಳು, ಪರಿಹಾರ ಕ್ರಮಗಳು ಎಂದು ಅಧ್ಯಾಯಗಳನ್ನು ಜೋಡಿಸುತ್ತಾ ಹೋಗುತ್ತಾರೆ; ಅವುಗಳಲ್ಲಿ ಯಾವುದನ್ನು ತೆಗೆದರೂ ಉಳಿದವಕ್ಕೆ ಏನೂ ಆಗುವುದಿಲ್ಲ. ಭಾಗ ತೆಗೆದರೂ ಇಡೀ ಬರಹಕ್ಕೆ ನೋವಾಗದಿದ್ದರೆ ಆ ಬರಹದಲ್ಲಿ ವಾದವಿಲ್ಲ ಎಂದೇ ತಿಳಿಯಬೇಕು.

ಪ್ರಶ್ನೆ ಹುಟ್ಟಬೇಕಾದರೆ ಮೊದಲು ಸ್ವಲ್ಪ ಓದಿರಬೇಕು. ಒಂದೆರಡು ವಾರ ಓದಿದವರಿಗೆ ಕೆಲವು ಸಂಗತಿಗಳು ತಿಳಿದುಬರುತ್ತವೆ: 1831ರಿಂದ 1881ರವರೆಗೆ ಸಂಸ್ಥಾನವನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು, ಆದ್ದರಿಂದ ಬರಗಾಲವನ್ನು ಎದುರಿಸಿದ್ದು ಅರಮನೆಯಲ್ಲ, ಅವರ ಆಡಳಿತ, 1875ರಲ್ಲೇ ಮಳೆ ಕಡಿಮೆಯಾಗಿ 1876ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು, ಕೋಲಾರ, ತುಮಕೂರಿನಂತಹ ಬಯಲುಸೀಮೆ ನಲುಗಿದಷ್ಟು ಮಲೆನಾಡು ನಲುಗಲಿಲ್ಲ, 1877ರಲ್ಲಿ ವೈಸ್‌ರಾಯ್ ಲಿಟ್ಟನ್ ಮೈಸೂರಿಗೆ ಬಂದರು, ಅದೇ ವರ್ಷ ಚಾರ್ಲ್ಸ್ ಎಲಿಯಟ್ ಇಲ್ಲಿನ ಕ್ಷಾಮ ಕಮಿಷನರ್ ಆದರು, ಪರಿಹಾರದ ನೀತಿ ಬದಲಾಯಿತು. ಇವುಗಳನ್ನು ಸುಮ್ಮನೆ ದಾಖಲಿಸಿಕೊಳ್ಳದೆ ಅವುಗಳ ನಡುವೆ ಹೊಂದಿಕೆಯಾಗದ್ದು ಏನಿದೆ ಎಂದು ಹುಡುಕಿ. ಮಳೆ ಕೈಕೊಟ್ಟದ್ದು 1876ರಲ್ಲಿ, ನೀತಿ ಬದಲಾದದ್ದು 1877ರಲ್ಲಿ. ಈ ಅಂತರದಲ್ಲಿ ಏನಾಯಿತು? ದೊಡ್ಡ ಪ್ರಮಾಣದ ಪರಿಹಾರ ಕಾಮಗಾರಿಗಳು ತಡವಾಗಿ ಆರಂಭವಾದದ್ದು ಸಾವುಗಳನ್ನು ಹೆಚ್ಚಿಸಿತೆ? ಈಗ ನಿಮ್ಮ ಕೈಯಲ್ಲಿ ಒಂದು ಪ್ರಶ್ನೆಯಿದೆ.

ಒಳ್ಳೆಯ ಪ್ರಶ್ನೆಯನ್ನು ಗುರುತಿಸಲು ಒಂದು ಸರಳ ಪರೀಕ್ಷೆ ಸಾಕು. ಅದಕ್ಕೆ ನೀವು ಕೊಡುವ ಉತ್ತರವನ್ನು ತಿಳಿವಳಿಕೆಯುಳ್ಳ ಒಬ್ಬರು ಒಪ್ಪದೇ ಇರಲು ಸಾಧ್ಯವಿರಬೇಕು. "ಬರಗಾಲದಿಂದ ಜನರಿಗೆ ತುಂಬ ಕಷ್ಟವಾಯಿತು" ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದ ಅದನ್ನು ಸಾಧಿಸುವ ಅಗತ್ಯವೂ ಇಲ್ಲ. "ಪೂರ್ವದ ಬಯಲುಸೀಮೆಯಲ್ಲಿ ಸಾವು ಹೆಚ್ಚಿದ್ದಕ್ಕೆ ಮಳೆಯ ಕೊರತೆಯಷ್ಟೇ ಪರಿಹಾರ ಕಾಮಗಾರಿಗಳ ವಿಳಂಬವೂ ಕಾರಣ" ಎಂಬುದನ್ನು ಅಲ್ಲಗಳೆಯಬಹುದು. ಈ ಎರಡನೆಯದು ನಿಜವೆಂದು ನಾನಿಲ್ಲಿ ತೀರ್ಪು ಕೊಡುತ್ತಿಲ್ಲ. ಆಕರಗಳನ್ನು ತೆರೆದು ಪರೀಕ್ಷಿಸಬಹುದಾದ ಮಾತು ಅದು ಎಂಬುದಷ್ಟೇ ಇಲ್ಲಿ ಮುಖ್ಯ. ಅದನ್ನು ಒಂದು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮೇಲಿಟ್ಟುಕೊಳ್ಳಿ. ಓದು ಮುಂದುವರಿದಂತೆ ಆ ವಾಕ್ಯ ಬದಲಾಗುತ್ತದೆ, ಬದಲಾಗಲೇಬೇಕು.

ಆಕರಗಳನ್ನು ಓದುವುದು, ಟಿಪ್ಪಣಿ ಮಾಡುವುದು

ಇಂಟರ್‌ನೆಟ್‌ನಲ್ಲಿ ಮೊದಲು ಸಿಗುವ ಲೇಖನದಿಂದ ಓದು ಆರಂಭಿಸುವುದರಲ್ಲಿ ದೋಷವಿಲ್ಲ, ಅಲ್ಲಿಯೇ ನಿಲ್ಲುವುದು ದೋಷ. ಹಳೆಯ ಗೆಜೆಟಿಯರುಗಳು, ಜನಗಣತಿಯ ವರದಿಗಳು ಮತ್ತು ಆಡಳಿತ ವರದಿಗಳ ಸ್ಕ್ಯಾನ್ ಮಾಡಿದ ಪ್ರತಿಗಳು ಇಂದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ತಾಣದಲ್ಲಿವೆ; ಮೂಲ ಕಡತಗಳನ್ನೇ ನೋಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ಕನ್ನಡದ ಬರಹಗಳಲ್ಲಿ ಹುಡುಕುವಾಗ ಈ ಬರವನ್ನು ಜನ ಕರೆದ ಹೆಸರನ್ನೂ ಬಳಸಿ: ಅದು ಬಂದ ಸಂವತ್ಸರಗಳಿಂದಾಗಿ ಧಾತು ಈಶ್ವರ ಬರ ಎಂಬ ಹೆಸರು ಅದಕ್ಕಿದೆ, ಇಸವಿಯಿಂದ ಹುಡುಕಿದಾಗ ಸಿಗದ ಬರಹಗಳು ಈ ಹೆಸರಿನಿಂದ ಸಿಗುವುದುಂಟು.

ಆಕರವನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದದ್ದು, ಇದನ್ನು ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬುದು. ಎಲಿಯಟ್ ಅವರ ವರದಿ ವಿವರಗಳ ಗಣಿಯೇ ಹೌದು, ಆದರೆ ತಾವೇ ಹೊಣೆ ಹೊತ್ತಿದ್ದ ಕೆಲಸದ ಬಗ್ಗೆ ಅಧಿಕಾರಿಯೊಬ್ಬರು ಮೇಲಿನವರಿಗೆ ಸಲ್ಲಿಸಿದ ಲೆಕ್ಕವೂ ಅದೇ. ಮದರಾಸಿನಲ್ಲಿ ಪತ್ರಕರ್ತರಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ದಕ್ಷಿಣ ಭಾರತದ ಬರಗಾಲದ ಬಗ್ಗೆ ಎರಡು ಸಂಪುಟಗಳನ್ನು ಪ್ರಕಟಿಸಿದರು. ಅವರು ಕ್ಷಾಮ ಪರಿಹಾರ ನಿಧಿಯ ಕೆಲಸದಲ್ಲಿ ತೊಡಗಿದ್ದವರು, ಸರ್ಕಾರವನ್ನು ಟೀಕಿಸಿದವರು. ಬಿ.ಎಲ್. ರೈಸ್ ಅವರ ಪರಿಷ್ಕೃತ ಗೆಜೆಟಿಯರ್ ಬಂದದ್ದು 1897ರಲ್ಲಿ, ಅಂದರೆ ಬರ ಮುಗಿದು ಸುಮಾರು ಇಪ್ಪತ್ತು ವರ್ಷಗಳ ಮೇಲೆ. ಈ ಮೂವರೂ ಒಂದು ಸಂಗತಿಯನ್ನು ಒಂದೇ ರೀತಿ ಹೇಳಿದರೆ ಅದನ್ನು ಧೈರ್ಯವಾಗಿ ಬಳಸಬಹುದು; ಬೇರೆ ಬೇರೆಯಾಗಿ ಹೇಳಿದರೆ ಆ ವ್ಯತ್ಯಾಸವೇ ನಿಮ್ಮ ಸಂಪ್ರಬಂಧದ ಒಂದು ಒಳ್ಳೆಯ ಪುಟವಾಗುತ್ತದೆ. ಮೂವರೂ ಇಂಗ್ಲಿಷಿನಲ್ಲಿ ಬರೆದವರು, ಹಸಿದವರ ಮಾತು ಅವರಲ್ಲಿ ನೇರವಾಗಿ ಕೇಳಿಸುವುದಿಲ್ಲ ಎಂಬುದನ್ನೂ ಮರೆಯದೆ ದಾಖಲಿಸಬೇಕು.

ಟಿಪ್ಪಣಿ ಮಾಡಿಕೊಳ್ಳುವ ಶಿಸ್ತಿನ ಬಗ್ಗೆ ಒಂದೇ ಮಾತನ್ನು ಒತ್ತಿ ಹೇಳಬೇಕು. ಆಕರದ ಮಾತನ್ನು ಇದ್ದ ಹಾಗೆಯೇ ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ. ಸಾರಾಂಶ ಮಾಡಿದ್ದರೆ ಸಾರಾಂಶವೆಂದು ಬರೆಯಿರಿ. ನಿಮಗೆ ಹೊಳೆದ ಯೋಚನೆಯಾದರೆ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಮೊದಲೆರಡಕ್ಕೆ ಆಗಲೇ, ಅಲ್ಲಿಯೇ ಪುಟಸಂಖ್ಯೆ ಸೇರಿಸಿ. ಎರಡು ತಿಂಗಳ ನಂತರ ಕರಡು ಬರೆಯುವಾಗ ಯಾವುದು ಯಾರ ಮಾತೆಂದು ನೆನಪಿರುವುದಿಲ್ಲ, ಮತ್ತು ಬಹಳಷ್ಟು ಕೃತಿಚೌರ್ಯ ದುರುದ್ದೇಶದಿಂದಲ್ಲ, ಈ ಕಲಸುಮೇಲೋಗರದಿಂದ ನಡೆಯುತ್ತದೆ.

ಅಂಕಿಅಂಶಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು

ವಿದ್ಯಾರ್ಥಿಗಳ ಬರಹದಲ್ಲಿ ಅತಿ ಹೆಚ್ಚು ಅವಸರ ಕಾಣುವುದು ಅಂಕಿಗಳ ಬಳಕೆಯಲ್ಲಿ, ಆದ್ದರಿಂದ ಇಲ್ಲಿ ತುಸು ವಿಸ್ತಾರವಾಗಿ ಹೇಳುತ್ತೇನೆ. 1871ರ ಜನಗಣತಿಯಂತೆ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಎರಡರ ನಡುವಿನ ವ್ಯತ್ಯಾಸ 8,69,224, ಅಂದರೆ ಶೇಕಡ 17ಕ್ಕೂ ಸ್ವಲ್ಪ ಹೆಚ್ಚು. ಇದನ್ನು ನೋಡಿದ ಕೂಡಲೇ "ಬರಗಾಲದಲ್ಲಿ 8,69,224 ಜನ ಸತ್ತರು" ಎಂದು ಬರೆದುಬಿಡುವ ಆಸೆಯಾಗುತ್ತದೆ. ಹಾಗೆ ಬರೆಯುವಂತಿಲ್ಲ.

ಏಕೆಂದು ಒಂದೊಂದಾಗಿ ಯೋಚಿಸಿ. 1871ರಿಂದ 1876ರವರೆಗಿನ ವರ್ಷಗಳಲ್ಲಿ ಜನಸಂಖ್ಯೆ ಹೆಚ್ಚಿರಬಹುದು. ಹೆಚ್ಚಿದ್ದರೆ ಬರ ಆರಂಭವಾದಾಗ ಇದ್ದ ಜನ 50 ಲಕ್ಷಕ್ಕಿಂತ ಹೆಚ್ಚು, ಆಗ ನಿಜವಾದ ಕುಸಿತವೂ ಕಾಣುವುದಕ್ಕಿಂತ ದೊಡ್ಡದು. ಹಸಿವಿನಿಂದ ಊರು ಬಿಟ್ಟು ಗಡಿಯಾಚೆ ಹೋದವರು ಸತ್ತವರಲ್ಲ, ಆದರೆ 1881ರ ಗಣತಿಯಲ್ಲಿ ಅವರೂ ಇಲ್ಲ. ಬರದ ವರ್ಷಗಳಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿಯುತ್ತದೆ. ಹುಟ್ಟದೇ ಹೋದವರನ್ನು ಸಾವಿನ ಲೆಕ್ಕಕ್ಕೆ ಸೇರಿಸಲಾಗದು. ಇವೆಲ್ಲದರ ಜೊತೆಗೆ 1878ರ ನಂತರದ ಮೂರು ವರ್ಷಗಳಲ್ಲಿ ಆದ ಚೇತರಿಕೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಆದ್ದರಿಂದ ಪ್ರಾಮಾಣಿಕವಾದ ವಾಕ್ಯ ಹೀಗಿರುತ್ತದೆ: "1871 ಮತ್ತು 1881ರ ಗಣತಿಗಳ ನಡುವೆ ಸಂಸ್ಥಾನದ ಜನಸಂಖ್ಯೆ ಸುಮಾರು 8.7 ಲಕ್ಷ ಕುಸಿಯಿತು. ಈ ಕುಸಿತದಲ್ಲಿ ಸಾವು, ವಲಸೆ ಮತ್ತು ಜನನದ ಇಳಿಕೆ ಮೂರೂ ಸೇರಿವೆ." ಇದು ಮೊದಲಿನ ವಾಕ್ಯದಷ್ಟು ಅಬ್ಬರದ್ದಲ್ಲ, ಆದರೆ ಇದನ್ನು ಯಾರೂ ಮುರಿಯಲಾರರು. ಅಷ್ಟೇ ಅಲ್ಲ, ಲಕ್ಷಾಂತರ ಜನರ ಅಳಿವಿನ ಬಗ್ಗೆ ಬರೆಯುವಾಗ ಲೆಕ್ಕದಲ್ಲಿ ಎಚ್ಚರ ತಪ್ಪದಿರುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವವೆಂದು ನಾನು ನಂಬುತ್ತೇನೆ.

ಯಾವುದೇ ವಿಷಯವಾಗಲಿ, ಅಂಕಿಯೊಂದನ್ನು ಬಳಸುವ ಮೊದಲು ಅದು ಏನನ್ನು ಎಣಿಸಿದೆ, ಏನನ್ನು ಎಣಿಸಿಲ್ಲ ಎಂದು ಕೇಳಿಕೊಳ್ಳಬೇಕು. ಸಾಹಿತ್ಯದ ವಿದ್ಯಾರ್ಥಿಗಳು ತಮಗಿದು ಅನ್ವಯಿಸದು ಎಂದುಕೊಳ್ಳಬಾರದು: ಒಂದು ಕಾದಂಬರಿಯಿಂದ ಎತ್ತಿಕೊಂಡ ಎರಡು ಸಾಲುಗಳು ಯಾವ ಪಾತ್ರದ ಮಾತು, ಯಾವ ಸಂದರ್ಭದ್ದು ಎಂದು ನೋಡದೆ ಅದನ್ನು ಲೇಖಕರ ನಿಲುವೆಂದು ತೋರಿಸುವುದೂ ಇದೇ ಜಾತಿಯ ತಪ್ಪು.

ವಾದವನ್ನು ಕಟ್ಟುವುದು

ಆಧಾರಗಳು ಕೈಸೇರಿದ ಮೇಲೆ ನೇರವಾಗಿ ಬರವಣಿಗೆಗೆ ಇಳಿಯಬೇಡಿ. ಮೇಜಿನ ಮೇಲಿರುವ ಆ ಒಂದು ವಾಕ್ಯವನ್ನು ಮತ್ತೆ ತೆಗೆದು, ಅದನ್ನು ಓದುಗರು ನಂಬಬೇಕಾದರೆ ಯಾವ ಯಾವ ಮಾತುಗಳು ಮೊದಲು ಸಾಬೀತಾಗಬೇಕು ಎಂದು ಕೆಳಗೆ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಸರ್ಕಾರಕ್ಕೆ ಬರದ ತೀವ್ರತೆ ಯಾವ ತಿಂಗಳಲ್ಲಿ ತಿಳಿದಿತ್ತು ಎಂಬುದು ಮೊದಲು ಸಾಬೀತಾಗಬೇಕು. ತಿಳಿದೇ ಇರದಿದ್ದರೆ ವಿಳಂಬವೆಂಬ ಆಪಾದನೆ ನಿಲ್ಲುವುದಿಲ್ಲ. ಆಮೇಲೆ ದೊಡ್ಡ ಕಾಮಗಾರಿಗಳು ಎಲ್ಲಿ ಯಾವಾಗ ಆರಂಭವಾದವು, ಕಡೆಗೆ ಆ ತಡದಿಂದ ಸಾವು ಹೆಚ್ಚಾಯಿತು ಎನ್ನಲು ಏನು ಪುರಾವೆ ಎಂಬವು ಬರುತ್ತವೆ. ಈ ಮೂರೇ ನಿಮ್ಮ ಬರಹದ ಒಡಲು. "ಭಾರತದ ಬರಗಾಲಗಳ ಇತಿಹಾಸ" ಎಂಬ ಅಧ್ಯಾಯಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ.

ಇನ್ನು ನಿಮ್ಮ ವಾದಕ್ಕೆ ಎದುರಾಗಬಹುದಾದ ಅತ್ಯಂತ ಬಲವಾದ ಆಕ್ಷೇಪವನ್ನು ನೀವೇ ಎತ್ತಬೇಕು. ನಮ್ಮ ವಿದ್ಯಾರ್ಥಿಗಳು ಇದಕ್ಕೆ ಹಿಂಜರಿಯುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಬರಹಕ್ಕೆ ಗಟ್ಟಿತನ ಬರುವುದೇ ಇಲ್ಲಿ. ಒಬ್ಬರು ಹೀಗೆ ಕೇಳಬಹುದು: ಮಲೆನಾಡಿನ ಜಿಲ್ಲೆಗಳನ್ನು ಆಳುತ್ತಿದ್ದುದೂ ಅದೇ ಸರ್ಕಾರ, ವಿಳಂಬ ಅಲ್ಲಿಗೂ ಒಂದೇ, ಆದರೂ ಅಲ್ಲಿ ಸಾವು ಕಡಿಮೆ, ಹಾಗಾದರೆ ವ್ಯತ್ಯಾಸಕ್ಕೆ ಕಾರಣ ಮಳೆಯೇ ಅಲ್ಲವೆ? ಇದು ಸುಲಭವಾಗಿ ತಳ್ಳಿಹಾಕಬಹುದಾದ ಆಕ್ಷೇಪವಲ್ಲ. ಇದಕ್ಕೆ ಉತ್ತರ ಹುಡುಕಬೇಕಾದರೆ ಬಯಲುಸೀಮೆಯನ್ನು ಮಲೆನಾಡಿನೊಂದಿಗೆ ಹೋಲಿಸುವುದನ್ನು ಬಿಟ್ಟು, ಮಳೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದ್ದ ಬಯಲುಸೀಮೆಯ ತಾಲ್ಲೂಕುಗಳನ್ನೇ ಪರಸ್ಪರ ಹೋಲಿಸಬೇಕು: ಪರಿಹಾರ ಬೇಗ ತಲುಪಿದಲ್ಲಿ ಜನಸಂಖ್ಯೆಯ ಕುಸಿತ ಕಡಿಮೆಯೆ? ಹೌದೆಂದಾದರೆ ನಿಮ್ಮ ವಾದ ಮೊದಲಿಗಿಂತ ಗಟ್ಟಿಯಾಯಿತು. ಇಲ್ಲವೆಂದಾದರೆ ವಾಕ್ಯವನ್ನು ತಿದ್ದಿ, "ವಿಳಂಬವೂ ಅಷ್ಟೇ ಕಾರಣ" ಎಂಬುದನ್ನು ಬಿಟ್ಟು, ಆಧಾರಗಳು ಎಷ್ಟನ್ನು ಹೇಳಲು ಬಿಡುತ್ತವೆಯೋ ಅಷ್ಟನ್ನೇ ಹೇಳಿ. ಪರೀಕ್ಷಕರು ಅಂಕ ಕೊಡುವುದು ತೀರ್ಮಾನದ ಗಾತ್ರಕ್ಕಲ್ಲ, ಅದನ್ನು ತಲುಪಿದ ದಾರಿಗೆ.

ಸಿದ್ಧಾಂತಗಳನ್ನು ಬಳಸುವಾಗಲೂ ಇದೇ ವಿವೇಕ ಬೇಕು. ಆಹಾರದ ಒಟ್ಟು ಲಭ್ಯತೆ ಹೆಚ್ಚೇನೂ ಕುಸಿಯದಿದ್ದರೂ, ಅದನ್ನು ಪಡೆಯುವ ಸಾಮರ್ಥ್ಯವನ್ನು ಒಂದು ವರ್ಗದ ಜನ ಕಳೆದುಕೊಂಡರೆ ಕ್ಷಾಮ ಬರಬಹುದೆಂದು ಅಮರ್ತ್ಯ ಸೇನ್ 1981ರಲ್ಲಿ, ಮುಖ್ಯವಾಗಿ 1943ರ ಬಂಗಾಳದ ಕ್ಷಾಮವನ್ನು ಮುಂದಿಟ್ಟುಕೊಂಡು ವಾದಿಸಿದರು. ಎರಡನೆಯ ಪುಟದಲ್ಲಿ ಅವರ ಹೆಸರನ್ನು ಹೇಳಿ, ಮುಂದೆ ಎಲ್ಲಿಯೂ ಆ ಮಾತನ್ನೆತ್ತದಿದ್ದರೆ ಪ್ರಯೋಜನವಿಲ್ಲ. ಮೈಸೂರಿನಲ್ಲಿ ಬೆಳೆಯೇ ನಾಶವಾಗಿತ್ತು ಎಂಬ ಸಂಗತಿಯನ್ನು ಎದುರಿಗಿಟ್ಟುಕೊಂಡು, ಆ ವಾದ ಇಲ್ಲಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ, ಕೂಲಿ ಕಳೆದುಕೊಂಡ ಭೂಹೀನರ ವಿಷಯದಲ್ಲಿ ಏನನ್ನು ಕಾಣಿಸುತ್ತದೆ ಎಂದು ವಿಚಾರಿಸಿದರೆ ಮಾತ್ರ ಅದು ನಿಮ್ಮ ಬರಹದ ಭಾಗವಾಗುತ್ತದೆ.

ಪ್ಯಾರಾ ಮತ್ತು ವಾಕ್ಯ

ಒಂದು ಪ್ಯಾರಾದಲ್ಲಿ ಒಂದು ಮಾತು ಸಾಧಿತವಾಗಬೇಕು. ಬರೆದು ಮುಗಿಸಿದ ಪ್ರತಿ ಪ್ಯಾರಾದ ಪಕ್ಕದಲ್ಲಿ "ಇದು ಏನನ್ನು ಸಾಧಿಸಿತು?" ಎಂಬುದಕ್ಕೆ ಐದಾರು ಪದಗಳಲ್ಲಿ ಉತ್ತರ ಬರೆಯಲು ಪ್ರಯತ್ನಿಸಿ. ಉತ್ತರ ಹೊಳೆಯದಿದ್ದರೆ ಆ ಪ್ಯಾರಾ ಬೇಡ. ಎರಡು ಉತ್ತರಗಳು ಹೊಳೆದರೆ ಅದನ್ನು ಎರಡಾಗಿ ಒಡೆಯಬೇಕು.

ಕನ್ನಡದಲ್ಲಿ ಶೈಕ್ಷಣಿಕ ಬರಹ ಮಾಡುವವರು ಎಚ್ಚರ ವಹಿಸಬೇಕಾದ ಒಂದು ಅಭ್ಯಾಸವೆಂದರೆ "ಲಾಯಿತು", "ಲಾಗಿದೆ" ಎಂದು ಮುಗಿಯುವ ಕ್ರಿಯಾಪದಗಳ ಸುರಿಮಳೆ. "ಬರಗಾಲದ ಸಂದರ್ಭದಲ್ಲಿ ಜನರಿಗೆ ಪರಿಹಾರ ನೀಡಲಾಯಿತು ಹಾಗೂ ಅನೇಕ ಕ್ರಮಗಳನ್ನು ಕೈಗೊಳ್ಳಲಾಯಿತು" ಎಂಬ ವಾಕ್ಯ ಗಂಭೀರವಾಗಿ ಕೇಳಿಸುತ್ತದೆ, ಆದರೆ ಯಾರು ನೀಡಿದರು, ಏನನ್ನು, ಯಾವಾಗ ಎಂಬ ಮೂರನ್ನೂ ಅದು ಮುಚ್ಚಿಡುತ್ತದೆ. ನಮ್ಮ ಪ್ರಶ್ನೆ ಇರುವುದೇ ಆ ಮೂರರಲ್ಲಿ. "ಸರ್ಕಾರವು ಬೆಂಗಳೂರು–ಮೈಸೂರು ರೈಲು ಮಾರ್ಗದ ಮಣ್ಣಿನ ಕೆಲಸವನ್ನು ಕ್ಷಾಮ ಪರಿಹಾರದ ಕಾಮಗಾರಿಯಾಗಿ ಕೈಗೆತ್ತಿಕೊಂಡು, ದುಡಿಯಬಲ್ಲವರಿಗೆ ಅಲ್ಲಿ ಕೂಲಿ ಕೊಟ್ಟಿತು" ಎಂದು ಬರೆದಾಗ ಮಾಡಿದವರು ಕಾಣುತ್ತಾರೆ, ಮಾಡಿದ್ದೇನೆಂದೂ ಕಾಣುತ್ತದೆ. ಕರ್ತೃವನ್ನು ಹುಡುಕಿ ವಾಕ್ಯಕ್ಕೆ ತಂದು ಕೂರಿಸುವ ಈ ಕೆಲಸ ಎಷ್ಟೋ ಸಲ ನಿಮ್ಮನ್ನು ಮತ್ತೆ ಆಕರಕ್ಕೆ ಕಳುಹಿಸುತ್ತದೆ. ಹೋಗಿ ನೋಡಿ ಬನ್ನಿ.

ಉದ್ದ ವಾಕ್ಯಗಳಿಗೆ ಹೆದರಬೇಕಾಗಿಲ್ಲ. ಆದರೆ ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ನಾಲ್ಕೈದು ಉಪವಾಕ್ಯಗಳನ್ನು ತುರುಕಿದರೆ ಓದುಗರು ದಾರಿ ತಪ್ಪುತ್ತಾರೆ. ಅಂತಹ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಎಲ್ಲಿ ಒಡೆಯಬೇಕೆಂದು ಕಿವಿಯೇ ಹೇಳುತ್ತದೆ. "ಹೀಗಾಗಿ", "ಆದ್ದರಿಂದ" ಎಂಬ ಪದಗಳನ್ನು ಬಳಸಿದಲ್ಲೆಲ್ಲ ಹಿಂದಿನ ವಾಕ್ಯದಿಂದ ಮುಂದಿನದು ನಿಜವಾಗಿಯೂ ಹೊಮ್ಮುತ್ತದೆಯೇ ಎಂದು ನೋಡಿ.

ಉಲ್ಲೇಖ ಮತ್ತು ಕೃತಿಚೌರ್ಯ

ಎಂಎಲ್‌ಎ, ಎಪಿಎ ಮೊದಲಾದ ಉಲ್ಲೇಖ ಪದ್ಧತಿಗಳಲ್ಲಿ ಯಾವುದನ್ನು ಬಳಸಬೇಕೆಂದು ನಿಮ್ಮ ವಿಭಾಗದಲ್ಲಿ ಕೇಳಿ, ಅದನ್ನೇ ಕೊನೆಯವರೆಗೆ ಪಾಲಿಸಿ. ಹೆಚ್ಚು ಮುಖ್ಯವಾದದ್ದು ಬೇರೆಯೇ ಇದೆ: ಇಂಗ್ಲಿಷ್ ಪುಸ್ತಕದ ಪ್ಯಾರಾವೊಂದನ್ನು ಕನ್ನಡಕ್ಕೆ ಅನುವಾದಿಸಿ ಮೂಲವನ್ನು ಹೇಳದೆ ಬಳಸುವುದೂ ಕೃತಿಚೌರ್ಯವೇ. ಭಾಷೆ ಬದಲಾದ ಮಾತ್ರಕ್ಕೆ ಯೋಚನೆ ನಮ್ಮದಾಗುವುದಿಲ್ಲ, ಮತ್ತು ಇಂತಹ ಅನುವಾದವನ್ನು ಸಾಫ್ಟ್‌ವೇರ್ ಹಿಡಿಯದೆ ಹೋಗಬಹುದು ಎಂಬುದು ಅದನ್ನು ಮಾಡಲು ಕಾರಣವಾಗಬಾರದು. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ನಿಗದಿತ ಅವಧಿಯಲ್ಲಿ ಪರಿಷ್ಕರಿಸಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಶೇಕಡ ಹತ್ತನ್ನು ನಕಲು ಮಾಡಲು ಸಿಕ್ಕ ರಿಯಾಯಿತಿಯೆಂದು ಎಣಿಸುವವರಿದ್ದಾರೆ; ಅದು ಹಾಗಲ್ಲ.

ಚಾಟ್‌ಬಾಟ್‌ಗಳ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಅವು ಅಸ್ತಿತ್ವದಲ್ಲೇ ಇಲ್ಲದ ಗ್ರಂಥದ ಹೆಸರು, ಲೇಖಕರು, ಪುಟಸಂಖ್ಯೆಗಳನ್ನು ಅತ್ಯಂತ ಆತ್ಮವಿಶ್ವಾಸದಿಂದ ಕೊಡುವುದುಂಟು. ನೀವೇ ತೆರೆದು ನೋಡದ ಯಾವ ಆಕರವನ್ನೂ ಗ್ರಂಥಸೂಚಿಗೆ ಸೇರಿಸಬೇಡಿ. ಮತ್ತೊಬ್ಬರ ಪುಸ್ತಕದಲ್ಲಿ ಉಲ್ಲೇಖವಾದ ಮಾತನ್ನು ಅಲ್ಲಿಂದಲೇ ಎತ್ತಿಕೊಂಡಿದ್ದರೆ, ಯಾರ ಮೂಲಕ ಪಡೆದಿರಿ ಎಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿ.

ತಿದ್ದುವುದು

ಪೀಠಿಕೆಯನ್ನು ಕೊನೆಯಲ್ಲಿ ಬರೆಯಿರಿ. ಬರಹ ಎಲ್ಲಿಗೆ ತಲುಪಿತೆಂದು ತಿಳಿಯುವ ಮೊದಲು ಓದುಗರನ್ನು ಅಲ್ಲಿಗೆ ಕರೆಯಲು ಬರುವುದಿಲ್ಲ. ಅದರಲ್ಲಿ ಪ್ರಶ್ನೆ ಯಾವುದು, ಉತ್ತರ ಏನು, ಯಾವ ಆಕರಗಳಿಂದ ಅದನ್ನು ತಲುಪಲಾಯಿತು ಎಂಬುದು ಒಂದು ಪುಟದೊಳಗೆ ಬಂದರೆ ಸಾಕು. "ಅನಾದಿ ಕಾಲದಿಂದಲೂ ಮಾನವನು ಪ್ರಕೃತಿಯೊಡನೆ" ಎಂದು ಆರಂಭವಾಗುವ ಪುಟವನ್ನು ಪೂರ್ತಿಯಾಗಿ ಕಿತ್ತುಹಾಕಿ.

ಮೊದಲ ಕರಡು ಮುಗಿದ ಮೇಲೆ ಕೆಲವು ದಿನ ಅದನ್ನು ಮುಟ್ಟದೆ ಇಟ್ಟು, ನಂತರ ಮುದ್ರಿಸಿಕೊಂಡು ಓದಿ. ಮೊದಲ ಓದಿನಲ್ಲಿ ಕಾಗುಣಿತ ತಿದ್ದಬೇಡಿ. ಪ್ರತಿ ಪ್ಯಾರಾದ ಪಕ್ಕದಲ್ಲಿ ಬರೆದ ಸಾರವನ್ನು ಮಾತ್ರ ಒಂದರ ಕೆಳಗೊಂದು ಬೇರೆ ಹಾಳೆಯಲ್ಲಿ ಇಳಿಸಿ, ಅದು ಮೇಜಿನ ಮೇಲಿನ ಆ ಒಂದು ವಾಕ್ಯಕ್ಕೆ ಕರೆದೊಯ್ಯುತ್ತದೆಯೇ ಎಂದು ನೋಡಿ. ಪುನರಾವರ್ತನೆ, ಹಾರಿಹೋದ ಮೆಟ್ಟಿಲು, ಅಡ್ಡದಾರಿ ಎಲ್ಲವೂ ಅಲ್ಲಿ ಬಯಲಾಗುತ್ತವೆ. ಬೇರೆ ವಿಭಾಗದ ಗೆಳೆಯರೊಬ್ಬರಿಗೆ ಓದಲು ಕೊಟ್ಟು, "ಚೆನ್ನಾಗಿದೆಯೆ?" ಎಂದು ಕೇಳುವ ಬದಲು "ನಾನು ಏನನ್ನು ಸಾಧಿಸಲು ಹೊರಟಿದ್ದೇನೆ, ಎಲ್ಲಿ ನಿನಗೆ ನಂಬಿಕೆ ಬರಲಿಲ್ಲ?" ಎಂದು ಕೇಳಿ.

ಎರಡನೆಯ ಓದು ಅಂಕಿಗಳಿಗೆ ಮತ್ತು ಉದ್ಧರಣಗಳಿಗೆ ಮೀಸಲಾಗಿರಲಿ: ಪ್ರತಿಯೊಂದನ್ನೂ ಆಕರದ ಪುಟದ ಪಕ್ಕದಲ್ಲಿಟ್ಟು ಹೋಲಿಸಿ. ಮೂರನೆಯ ಓದಿನಲ್ಲಿ ಕಾಗುಣಿತ, ವಿರಾಮ ಚಿಹ್ನೆಗಳು ಮತ್ತು ಹೆಸರುಗಳ ಏಕರೂಪತೆಯನ್ನು ನೋಡಿ. ಒಂದು ಕಡೆ ಎಲಿಯಟ್, ಇನ್ನೊಂದು ಕಡೆ ಇಲಿಯಟ್ ಎಂದಿರಬಾರದು. ಸಾಧ್ಯವಾದರೆ ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಹಳೆಯ ನುಡಿ ಫಾಂಟಿನ ಕಡತವನ್ನು ಕೊನೆಯ ದಿನ ಯೂನಿಕೋಡ್‌ಗೆ ಪರಿವರ್ತಿಸಿದರೆ ಒತ್ತಕ್ಷರಗಳೂ ಅಂಕಿಗಳೂ ಕೆಡುವ ಸಂಭವವಿರುತ್ತದೆ. ಪರಿವರ್ತಿಸಲೇಬೇಕಾಗಿ ಬಂದರೆ ಈ ಮೂರನೆಯ ಓದನ್ನು ಪರಿವರ್ತನೆಯ ನಂತರ ಇಟ್ಟುಕೊಂಡು, ಸಲ್ಲಿಸುವ ಪಿಡಿಎಫ್ ಪ್ರತಿಯನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.